ಕೆಂಪು ನೀರಿನ ಕಡತ

ಮಳೆಗಾಲ ಕಳೆದು, ಗಾಳಿ ಅಡಗಿ, ವಾರದಷ್ಟು ಕಾಲ ಬಿಸಿಲು ಕಾದರೆ ಪಡುವಣ ಕರಾವಳಿಯ ನೀರು ಕೆಲವೆಡೆ ಕೆಂಪೇರುವುದುಂಟು. ಒಮ್ಮೊಮ್ಮೆ ಸತ್ತ ಮೀನು ದಡಕ್ಕೆ ಬಂದು ಬೀಳುವುದುಂಟು. ಮೀನುಗಾರರಿಗೆ ಇದು ಹೊಸದಲ್ಲ. ಸರ್ಕಾರಿ ಬರಹಕ್ಕೆ ಅದನ್ನು ತಂದವರು ಮದ್ರಾಸ್ ಪ್ರಾಂತ್ಯದ ಮೀನುಗಾರಿಕಾ ಇಲಾಖೆಯ ಜೇಮ್ಸ್ ಹಾರ್ನೆಲ್. ದಕ್ಷಿಣ ಕನ್ನಡವೂ ಆಗ ಆ ಪ್ರಾಂತ್ಯದ್ದೇ ಜಿಲ್ಲೆ. ಬರಿಗಣ್ಣಿಗೆ ಕಾಣದ ಏಕಕೋಶ ಜೀವಿಯೊಂದು ಈ ಮೀನುಸಾವಿಗೆ ಕಾರಣವೆಂದು 1917ರ ಇಲಾಖಾ ಬುಲೆಟಿನ್ನಿನಲ್ಲಿ ಅವರು ಬರೆದರು.

ಆ ಜೀವಿಗೆ ಹೆಸರು ಬರಲು 37 ವರ್ಷ ಬೇಕಾಯಿತು. ಕಡತಗಳ ನಡುವೆಯೇ ಬದುಕುವ ನಮಗೆ ಈ ವಿಳಂಬ ಅಚ್ಚರಿಯೇನಲ್ಲ. 1954ರಲ್ಲಿ ಸುಬ್ರಹ್ಮಣ್ಯನ್ ಅವರು ಮಲಬಾರಿನ ಕಡಲಿನ ಈ ಸೂಕ್ಷ್ಮಪಾಚಿಯನ್ನು ವಿವರಿಸಿ, ಹಿರಿಯರ ನೆನಪಿಗೆ ‘ಹಾರ್ನೆಲಿಯ ಮರೀನ’ ಎಂದು ಕರೆದರು. 1982ರಲ್ಲಿ ಜಪಾನಿನ ವಿಜ್ಞಾನಿಗಳು ಅದನ್ನು ‘ಚಾಟೊನೆಲ್ಲ’ ಕುಲಕ್ಕೆ ಸೇರಿಸಿದರು; ಹಾರ್ನೆಲ್ ಹೆಸರು ಅಳಿಸಿಹೋಯಿತು. ಜಪಾನಿಗೆ ಆ ಕುಲದ ಮೇಲೆ ಆಸಕ್ತಿ ಹುಟ್ಟಲು ಕಾರಣವಿತ್ತು. 1972ರಲ್ಲಿ ಅದರದೇ ಇನ್ನೊಂದು ಪ್ರಭೇದ ಸೆಟೊ ಒಳಗಡಲಿನಲ್ಲಿ ಸಾಕಣೆಯ 1.4 ಕೋಟಿ ಮೀನುಗಳನ್ನು ಕೊಂದಿತ್ತು. ಮರುವರ್ಷವೇ ಆ ಕಡಲಿನ ರಕ್ಷಣೆಗೆಂದು ಕಾಯಿದೆ ಬಂದಿತು.

ನಮ್ಮಲ್ಲಿ ಸತ್ತದ್ದು ಮೀನು ಮಾತ್ರವಲ್ಲ. ಬೇರೆ ಜಾತಿಯ ಕೆಲವು ಸೂಕ್ಷ್ಮಪಾಚಿಗಳ ವಿಷ ಚಿಪ್ಪುಮೀನಿನ ದೇಹದಲ್ಲಿ ಶೇಖರಗೊಂಡು, ಅದನ್ನು ಉಂಡವರ ನರಗಳನ್ನು ಹಿಡಿಯುತ್ತದೆ. ತುಟಿ ಜುಮುಗುಟ್ಟುವುದರಿಂದ ಮೊದಲಾಗಿ ಉಸಿರು ನಿಲ್ಲುವವರೆಗೂ ಹೋಗಬಹುದು. ಬೇಯಿಸಿದರೂ ವಿಷ ಹೋಗದು. 1981ರಲ್ಲಿ ತಮಿಳುನಾಡಿನಲ್ಲಿ ಮೂವರು ತೀರಿಕೊಂಡರು, 85 ಮಂದಿ ಆಸ್ಪತ್ರೆ ಸೇರಿದರು. 1983ರಲ್ಲಿ ಮಂಗಳೂರಿನ ಬಳಿ, ಕುಂಬಳೆಯಲ್ಲಿ, ಅದೇ ಬಾಧೆ ಕಾಣಿಸಿತು. ಮಂಗಳೂರಿನ ವಿಜ್ಞಾನಿಗಳು ಮರುವರ್ಷ ಅದನ್ನು ದಾಖಲಿಸಿದರು. ಆದರೂ 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಏಳು ಜೀವ ಹೋಗಿ, 500ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಬೇಕಾಯಿತು. ಕೇಂದ್ರ ಸರ್ಕಾರದ ವ್ಯವಸ್ಥಿತ ನಿಗಾ ಆರಂಭವಾದದ್ದು ಆ ದಶಕದ ಕೊನೆಯಲ್ಲಿ. ಕಾಯಿದೆಗೆ ಕಾರಣವಾದ ಜಪಾನಿನ ಮೀನಿಗೆ ಬೆಲೆಯಿತ್ತು. ನಮ್ಮಲ್ಲಿ ಸತ್ತವರು ಊರಿನ ನೀರಿನಲ್ಲಿ ಸಿಕ್ಕಿದ ಚಿಪ್ಪು ಉಂಡವರು.

ಈಗ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹ ನೋಡುವ ನೀರಿನ ಬಣ್ಣದಿಂದ ಪಾಚಿ ಹಬ್ಬಿದ್ದನ್ನು ಗುರುತಿಸಿ ತಿಳಿಸುತ್ತದೆ. ಹೆಚ್ಚು ಗಮನ ಬೇಕೆಂದು ಅದು ಗುರುತಿಸಿದ ತಾಣಗಳು ನಾಲ್ಕು: ಈಶಾನ್ಯ ಅರಬ್ಬೀ ಸಮುದ್ರ, ಕೇರಳದ ಕರಾವಳಿ, ಮನ್ನಾರ್ ಕೊಲ್ಲಿ, ಒಡಿಶಾದ ಗೋಪಾಲಪುರ. ಕರ್ನಾಟಕದ ಹೆಸರು ಅದರಲ್ಲಿಲ್ಲ. ಅದಿರಲಿ; ಉಪಗ್ರಹಕ್ಕೆ ಕಾಣುವುದು ಬಣ್ಣ, ವಿಷವಲ್ಲ. ನೀರು ಬಣ್ಣಗೆಡದೆಯೂ ಚಿಪ್ಪಿನೊಳಗೆ ವಿಷ ತುಂಬಬಲ್ಲದು. ಅದು ತಿಳಿಯಬೇಕಾದರೆ ಮಾಂಸವನ್ನೇ ಪ್ರಯೋಗಾಲಯಕ್ಕೆ ಒಯ್ಯಬೇಕು. 100 ಗ್ರಾಮಿಗೆ 80 ಮೈಕ್ರೋಗ್ರಾಂ ದಾಟಿದರೆ ಮಾರುವಂತಿಲ್ಲ ಎಂಬುದು ಜಗತ್ತಿನ ಹಲವೆಡೆ ಒಪ್ಪಿಕೊಂಡ ಮಿತಿ. ವಿದೇಶಕ್ಕೆ ಹೋಗುವ ಸರಕಿಗೆ ಇಂಥ ಪರೀಕ್ಷೆ ಉಂಟು. ರಜೆಗೆ ಊರಿಗೆ ಹೋದಾಗ ನಾವು ಆಸೆಪಟ್ಟು ಮಾಡಿಸಿಕೊಳ್ಳುವ ಮರುವಾಯಿ ಸುಕ್ಕದ ಮರುವಾಯಿ ಬೆಳಿಗ್ಗೆ ಹೊಳೆಯಲ್ಲಿ ಹೆಕ್ಕಿದ್ದು, ಮಧ್ಯಾಹ್ನಕ್ಕೆ ಬಾಣಲೆಯಲ್ಲಿರುತ್ತದೆ. ನಡುವೆ ಅದನ್ನು ಯಾರಾದರೂ ಪರೀಕ್ಷಿಸಿದ್ದನ್ನು ನಾವಂತೂ ಕಂಡಿಲ್ಲ.