ಕಾತ್ರಜದ ಕೆರೆ, ಶನಿವಾರವಾಡೆಯ ಕಾರಂಜಿ

ಊರಿಂದ ಯಾರೇ ಬಂದರೂ ನಾವು ಪುಣೆಯ ಕನ್ನಡಿಗರು ತೋರಿಸುವ ಜಾಗಗಳ ಪಟ್ಟಿ ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಸ್ವಾರಗೇಟದಲ್ಲಿ ಬಸ್ಸಿನಿಂದ ಇಳಿಸಿಕೊಳ್ಳುವುದು, ಚಹಾ ಕುಡಿಸುವುದು, ಜೊತೆಗೆ ಮಕ್ಕಳಿದ್ದರೆ ದಕ್ಷಿಣಕ್ಕೆ ಕಾತ್ರಜದ ಪ್ರಾಣಿಸಂಗ್ರಹಾಲಯ, ಮಧ್ಯಾಹ್ನದ ಮೇಲೆ ಉತ್ತರಕ್ಕೆ ಶನಿವಾರವಾಡೆ. (ಬುಧವಾರ ಝೂ ಬಂದ್, ಮರೆಯಬೇಡಿ.) ಹುಲಿ ಒಂದು ಕಡೆ, ಕೋಟೆ ಒಂದು ಕಡೆ, ನಡುವೆ ಟ್ರಾಫಿಕ್ಕು. ಎರಡಕ್ಕೂ ಏನು ಸಂಬಂಧ ಎಂದು ಯಾರೂ ಕೇಳುವುದಿಲ್ಲ. ಆದರೆ ಸಂಬಂಧವಿದೆ. ಅದು ನೀರಿನದು.

ರಾಜೀವ್ ಗಾಂಧಿ ಪ್ರಾಣಿಸಂಗ್ರಹಾಲಯದ ವಿಸ್ತಾರ ಸುಮಾರು 130 ಎಕರೆ. ಅದರಲ್ಲಿ 42 ಎಕರೆಯಷ್ಟು ಜಾಗ ಕಾತ್ರಜದ ಕೆರೆಯದೇ. ಜನ ಹುಲಿಯ ಮುಂದೆ ಅರ್ಧ ಗಂಟೆ ನಿಲ್ಲುತ್ತಾರೆ, ಕೆರೆಗೆ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಂಡು ಮುಂದೆ ಹೋಗುತ್ತಾರೆ. 1749-50ರ ಸುಮಾರಿಗೆ ನಾನಾಸಾಹೇಬ ಪೇಶ್ವೆ ಇಲ್ಲಿ ನೀರು ಕಟ್ಟಿಸಿದ. ಶನಿವಾರವಾಡೆಯ ಮಗ್ಗುಲಲ್ಲೇ ಮುಠಾ ನದಿ ಇತ್ತು ನಿಜ, ಆದರೆ ನದಿ ತಗ್ಗಿನಲ್ಲಿ, ಪೇಟೆಗಳು ಎತ್ತರದಲ್ಲಿ. ಕಾತ್ರಜದ ಬೆಟ್ಟದ ಬುಡ ಇನ್ನೂ ಎತ್ತರ. ಹಾಗಾಗಿ ಅಲ್ಲಿಂದ ನೆಲದಡಿ ಗಾರೆಯ ಕಾಲುವೆ ಕಟ್ಟಿ, ಪಂಪು ಇಲ್ಲ ಏನಿಲ್ಲ, ಬರೀ ಇಳಿಜಾರಿನ ಬಲದಿಂದ ನೀರನ್ನು ಪೇಟೆಯ ಮಧ್ಯಕ್ಕೆ ತಂದರು. ಒಳಗೆ ಮನುಷ್ಯ ನಡೆದು ಹೋಗುವಷ್ಟು ಎತ್ತರದ ಕಾಲುವೆ ಅದು. ದಾರಿಯುದ್ದಕ್ಕೂ ಗಾಳಿ ಆಡಲು, ಇಳಿದು ಹೂಳು ತೆಗೆಯಲು ಬಾವಿಯಂಥ ಬಾಯಿಗಳು.

ನಾನು ವಿಜಯಪುರದವನು, ನನಗಿದು ಹೊಸದಲ್ಲ. ನಮ್ಮಲ್ಲಿ ಬೇಗಂ ತಲಾಬದಿಂದ 1651ರ ಹೊತ್ತಿಗೇ ಊರೊಳಗೆ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ನೀರಿನ ಒತ್ತಡ ಇಳಿಸಲು ಕಟ್ಟಿದ ಗಂಜುಗಳು ಇವತ್ತಿಗೂ ಊರಲ್ಲಿ ಅಲ್ಲಲ್ಲಿ ನಿಂತಿವೆ. ಆದಿಲ್‌ಶಾಹಿ ದಂಡು 1630ರ ಆಸುಪಾಸು ಪುಣೆಯನ್ನು ಸುಟ್ಟು, ಕತ್ತೆ ಹೂಡಿ ನೇಗಿಲು ಹೊಡೆಸಿತು ಎಂಬ ಕತೆ ಹೇಳಿ ಇಲ್ಲಿಯ ಗೆಳೆಯರು ನನ್ನನ್ನು ಚೇಷ್ಟೆ ಮಾಡುವುದುಂಟು. ಆಗ ನಾನು ಗಂಜಿನ ಮಾತು ತೆಗೆಯುತ್ತೇನೆ.

ಇನ್ನು ಶನಿವಾರವಾಡೆ. ಹೆಸರು ವಾಡೆ, ಆದರೆ ಸುತ್ತ ಕೋಟೆಯ ಗೋಡೆ, ಆನೆ ಬಂದು ಗುದ್ದದಂತೆ ಮೊಳೆ ಜಡಿದ ದಿಲ್ಲಿ ದರವಾಜಾ. 1730ರ ಜನವರಿ 10ರ ಶನಿವಾರ ಮೊದಲ ಬಾಜಿರಾವ್ ಅಡಿಗಲ್ಲು ಹಾಕಿದ. 1828ರ ಬೆಂಕಿಯಲ್ಲಿ ಒಳಗಿನ ಅರಮನೆಯೆಲ್ಲ ಉರಿದುಹೋಯಿತು. ಈಗ ಒಳಗೆ ಕಾಣುವುದು ಬುನಾದಿ, ಹುಲ್ಲುಹಾಸು, ಒಂದು ಒಣ ಕಾರಂಜಿ. ಗೈಡುಗಳು 1773ರ ನಾರಾಯಣರಾವ್ ಪೇಶ್ವೆಯ ಕೊಲೆಯನ್ನೂ ಅವನ ದೆವ್ವವನ್ನೂ ಉತ್ಸಾಹದಿಂದ ವರ್ಣಿಸುತ್ತಾರೆ. ನನಗೆ ಆ ಕಾರಂಜಿಯೇ ಹೆಚ್ಚು ಹೇಳುತ್ತದೆ. ಹದಿನಾರು ದಳದ ತಾವರೆಯಾಕಾರದ ‘ಹಜಾರಿ ಕಾರಂಜೆ’ ಅದು. ಝೂದಲ್ಲಿ ನಾವು ಬೆನ್ನು ಹಾಕಿ ನಿಂತ ಕೆರೆಯ ನೀರು ಈ ವಾಡೆಗೇ ಬರುತ್ತಿತ್ತು.

ಕಾರಂಜಿಯ ಕಾಲದ ಪೇಶ್ವೆ ಸವಾಯಿ ಮಾಧವರಾವ್, ನಾರಾಯಣರಾವ್ ಸತ್ತ ಮೇಲೆ ಹುಟ್ಟಿದ ಮಗ. ಹುಡುಗನಿಗೆ ಪ್ರಾಣಿಗಳೆಂದರೆ ಪ್ರಾಣ. ಪರ್ವತಿ ಗುಡ್ಡದ ಬಳಿ ಸಿಂಹ, ಘೇಂಡಾಮೃಗ ಸಾಕಿಸಿದ್ದ. ಕುಣಿಯಲು ಕಲಿಸಿದ ಜಿಂಕೆಗಳ ಹಿಂಡಿತ್ತು. 1795ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಇದೇ ವಾಡೆಯ ಮೇಲಿನಿಂದ ಬಿದ್ದು ತೀರಿಕೊಂಡ. ಅವನ ಪ್ರಾಣಿಗಳಿದ್ದ ಜಾಗದ ಹತ್ತಿರವೇ, ಸ್ವಾರಗೇಟದ ಪಕ್ಕ, 1953ರಲ್ಲಿ ಪೇಶವೆ ಪಾರ್ಕ್ ಝೂ ಆಯಿತು. ಊರು ಬೆಳೆದು ಇಕ್ಕಟ್ಟಾದಾಗ 1999ರಲ್ಲಿ ಪ್ರಾಣಿಗಳನ್ನು ಕಾತ್ರಜಕ್ಕೆ ಸಾಗಿಸಿದರು, ಅಂದರೆ ಕೆರೆಯ ದಡಕ್ಕೆ.

ಕಾತ್ರಜದ ನೀರು ಅರಮನೆಗೆ ಮಾತ್ರ ಹೋಗಲಿಲ್ಲ ಎಂಬುದನ್ನೂ ಹೇಳಬೇಕು. ಪೇಟೆ ಪೇಟೆಗೆ ಹೌದಗಳನ್ನು ಕಟ್ಟಿ ಊರಿಗೂ ಕೊಟ್ಟರು. ಅದು ದೊಡ್ಡ ಕೆಲಸವೇ. ಆದರೆ ‘ಊರು’ ಅಂದರೆ ಯಾರು? ಅಸ್ಪೃಶ್ಯರೆನಿಸಿಕೊಂಡವರು ಹೌದ ಮುಟ್ಟುವಂತಿರಲಿಲ್ಲ. ಪೇಶ್ವೆಗಳು ಹೋಗಿ ಅರ್ಧ ಶತಮಾನವಾದರೂ ಅದು ಬದಲಾಗಿರಲಿಲ್ಲ. 1868ರಲ್ಲಿ ಜೋತಿರಾವ್ ಫುಲೆ ಗಂಜ್ ಪೇಟೆಯ ತಮ್ಮ ಮನೆಯ ಹೌದವನ್ನು ಅವರಿಗೆ ತೆರೆದರು. ಆ ಮನೆ ಸ್ವಾರಗೇಟದಿಂದ ನಡೆದು ಹೋಗುವಷ್ಟೇ ದೂರ. ಎಂಟು ಕಿಲೋಮೀಟರಿನ ಕಾಲುವೆ ತೋಡಿದ ಊರಿಗೆ ಆ ಕೊನೆಯ ಎರಡು ಮೊಳ ದಾಟಿಸಲು ಒಬ್ಬ ಮಾಳಿಯ ಮಗ ಬೇಕಾಯಿತು. ಅತಿಥಿಗಳ ಪಟ್ಟಿಯಲ್ಲಿ ಶನಿವಾರವಾಡೆಗಿಂತ ಮೊದಲು ಫುಲೆವಾಡೆ ಇರಬೇಕೆಂಬುದು ನನ್ನ ಹಟ.

ಕಾಲುವೆಯ ಜೊತೆಗೇ ಹೇಳಬೇಕಾದದ್ದು ಆಂಬಿಲ ಓಢಾ ಎಂಬ ಹಳ್ಳದ ಕತೆ. ಅದೂ ಕಾತ್ರಜದ ಬೆಟ್ಟದಿಂದಲೇ ಇಳಿಯುತ್ತದೆ. ಪೇಟೆಯೊಳಗೆ ಹರಿಯುತ್ತಿದ್ದ ಅದನ್ನು ನಾನಾಸಾಹೇಬ ಪರ್ವತಿಯ ಹತ್ತಿರ ತಡೆದು ಪಶ್ಚಿಮಕ್ಕೆ ತಿರುಗಿಸಿದ. ಈಗಿನ ಸಾರಸಬಾಗ ಇರುವಲ್ಲಿ ಆಗ ಕೆರೆಯಾಯಿತು. ನಮ್ಮ ಆಫೀಸಿನ ಭಾಷೆಯಲ್ಲಿ, ಆ ‘ಚೇಂಜ್ ರಿಕ್ವೆಸ್ಟ್’ 270 ವರ್ಷಗಳ ನಂತರವೂ ಪ್ರೊಡಕ್ಷನ್ನಿನಲ್ಲಿದೆ. ಆದರೆ ಡಾಕ್ಯುಮೆಂಟ್ ಓದುವವರಿಲ್ಲ. ಹಳ್ಳದ ಪಾತ್ರದಲ್ಲೇ ಸೊಸೈಟಿಗಳು, ಗೋಡೆಗಳು, ಗುಡಿಸಲುಗಳು ಎದ್ದವು. 2019ರ ಸೆಪ್ಟೆಂಬರ್ 25ರ ರಾತ್ರಿ ಬೆಟ್ಟದ ಕಡೆ ಮಳೆ ಸುರಿದಾಗ ಹಳ್ಳ ಉಕ್ಕಿ ಮನೆಗಳಿಗೆ ನುಗ್ಗಿತು. ಪುಣೆ ಮತ್ತು ಸುತ್ತಮುತ್ತ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಕಾರುಗಳು ಒಂದರ ಮೇಲೊಂದು ಬಿದ್ದಿದ್ದ ಫೋಟೋ ಅವತ್ತು ನಮ್ಮೆಲ್ಲರ ವಾಟ್ಸಾಪಿನಲ್ಲಿತ್ತು. ಸತ್ತವರಲ್ಲಿ ಹೆಚ್ಚಿನವರ ಬಳಿ ಕಾರು ಇದ್ದಿರಲಾರದು.

2024ರ ಸೆಪ್ಟೆಂಬರಿನಿಂದ ಸ್ವಾರಗೇಟದವರೆಗೆ ಮೆಟ್ರೊ ನೆಲದಡಿ ಓಡುತ್ತಿದೆ. ಅಲ್ಲಿಂದ ಕಾತ್ರಜಕ್ಕೆ ಇನ್ನೂ 5.46 ಕಿ.ಮೀ. ಸುರಂಗಕ್ಕೆ ಅದೇ ವರ್ಷ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಅದು ಮುಗಿದ ಮೇಲೆ ಊರಿನ ಅತಿಥಿಗಳನ್ನು ಕೆರೆಯಿಂದ ಕೋಟೆಯ ಹತ್ತಿರಕ್ಕೆ ನೆಲದೊಳಗಿಂದಲೇ ಕರೆದುಕೊಂಡು ಹೋಗಬಹುದು, ನೀರು ಹೋಗುತ್ತಿದ್ದ ದಿಕ್ಕಿನಲ್ಲೇ.