ಮಾರುವವರು ತಡ ಮಾಡಿದರೆ: ಗಡುವಿನೊಳಗೆ ಮನೆ ಕೊಳ್ಳುವವರು ತಿಳಿದಿರಬೇಕಾದ್ದು

2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ಆಸ್ತಿ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿತು. ಹೊಸಪೇಟೆಯಲ್ಲಿ ನಾವು ಕೊಳ್ಳಲು ಹೊರಟಿದ್ದ ಮನೆಯ ಬೆಲೆ 40 ಲಕ್ಷ. ಕರಾರು ಬರೆದದ್ದು ಮಾರ್ಚ್‌ನಲ್ಲಿ, ನೋಂದಣಿಗೆ ಒಪ್ಪಿದ್ದ ಗಡುವು ಜೂನ್ 30. "ಆಷಾಢ ಕಳೀಲಿ ತಮ್ಮಾ" ಅಂದರು ಮನೆ ಯಜಮಾನರು. ಆಷಾಢ ಕಳೆಯಿತು. "ಶ್ರಾವಣದಾಗ ಮಾಡೋಣಂತೆ" ಅಂದರು. ಆಮೇಲೆ "ಗಣಪತಿ ಹಬ್ಬ ಆಗ್ಲಿ". ಹಬ್ಬ ಆಗಸ್ಟ್ 27ಕ್ಕೆ ಬಂದು ಹೋಯಿತು, 31ಕ್ಕೆ ಶುಲ್ಕ ಏರಿತು. 40,000 ಕಟ್ಟಬೇಕಿದ್ದ ಜಾಗದಲ್ಲಿ 80,000. ಅಪ್ಪ ನಿವೃತ್ತರಾಗಿದ್ದರಿಂದ ಅಕ್ಟೋಬರ್ ಒಳಗೆ ಕ್ವಾರ್ಟರ್ಸ್ ಖಾಲಿ ಮಾಡಬೇಕಿತ್ತು. ಬ್ಯಾಂಕಿನ ಸಾಲ ಮಂಜೂರಾತಿ ಪತ್ರದ ಅವಧಿಯೂ ಮುಗಿಯುತ್ತಾ ಬಂದಿತ್ತು.

ಆ ಆರು ತಿಂಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ವಯಸ್ಸಿನವರು ಮೊದಲ ಮನೆ ಕೊಳ್ಳುವಾಗ ಬೆಲೆ, ವಾಸ್ತು, ಸಾಲದ ಬಡ್ಡಿ ಎಲ್ಲ ಕೇಳ್ತೀವಿ. ಮಾರುವವರು ಯಾಕೆ ತಡ ಮಾಡಬಹುದು ಅಂತ ಕೇಳೋದಿಲ್ಲ.

ತಡ ಯಾರದು?

ತಡ ಮಾಡುವ ಎಲ್ಲರೂ ಮೋಸಗಾರರಲ್ಲ. ನಾನು ಕಂಡಂತೆ ಕಾರಣಗಳು ನಾಲ್ಕು.

ಒಂದು, ಕಾಗದ ಸಿದ್ಧವಿಲ್ಲದಿರುವುದು. ಈಗ ಇ-ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲ. ನಗರಸಭೆ, ಪುರಸಭೆ ವ್ಯಾಪ್ತಿಯಲ್ಲಿ ಇ-ಆಸ್ತಿ, ಗ್ರಾಮ ಪಂಚಾಯ್ತಿಯಲ್ಲಿ ಇ-ಸ್ವತ್ತು. ಹಳೆಯ ಕೈಬರಹದ ಖಾತೆ ಇಟ್ಟುಕೊಂಡು "ಎಲ್ಲಾ ಕ್ಲಿಯರ್ ಐತಿ" ಅನ್ನುವವರು ಬಹಳ ಜನ. ತೀರಿಕೊಂಡ ತಂದೆಯ ಹೆಸರಲ್ಲೇ ಖಾತೆ ಉಳಿದಿದ್ದರೆ ಇನ್ನೂ ತಡ.

ಎರಡು, ಮನೆಯ ಮೇಲೆ ಸಾಲ. ಬ್ಯಾಂಕಿನಿಂದ ಮೂಲಪತ್ರ ಬಿಡಿಸಿಕೊಳ್ಳಲು ನಿಮ್ಮ ಅಡ್ವಾನ್ಸ್ ಹಣಕ್ಕೇ ಕಾಯುತ್ತಿರುತ್ತಾರೆ, ಬಾಯಿಬಿಟ್ಟು ಹೇಳಿರುವುದಿಲ್ಲ. ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪ್ರಮಾಣಪತ್ರ (ಇಸಿ) ತೆಗೆದರೆ ನೋಂದಣಿಯಾದ ಅಡಮಾನ ಕಾಣುತ್ತದೆ. ನೋಂದಣಿಯಾಗದ ಸಾಲ ಅದರಲ್ಲಿ ಕಾಣುವುದಿಲ್ಲ. ಆದ್ದರಿಂದ ಮೂಲಪತ್ರವನ್ನು ಕಣ್ಣಾರೆ ನೋಡಿ, ಜೆರಾಕ್ಸ್ ಸಾಲದು.

ಮೂರು, ಬೆಲೆಯಾಸೆ. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆ ಜಿಲ್ಲಾ ಕೇಂದ್ರವಾದ ಮೇಲೆ ಇಲ್ಲಿ ಸೈಟಿನ ರೇಟು ಚಹಾ ಅಂಗಡಿಯ ಮಾತಾಗಿದೆ. ಮಾರ್ಚ್‌ನಲ್ಲಿ ಒಪ್ಪಿದ ಬೆಲೆ ಆಗಸ್ಟ್‌ಗೆ ಕಡಿಮೆ ಅನ್ನಿಸಲು ಶುರುವಾಗುತ್ತದೆ. ಫೋನ್ ಎತ್ತುವುದು ನಿಲ್ಲುತ್ತದೆ.

ನಾಲ್ಕು, ಅಕ್ಕ-ತಂಗಿಯರ ಸಹಿ. ನಮ್ಮ ಕೇಸಿನ ನಿಜವಾದ ಕಾರಣ ಇದೇ ಆಗಿತ್ತು.

ಕರಾರಿನಲ್ಲಿ ಬರೆದ ದಿನಾಂಕಕ್ಕೆ ಬೆಲೆ ಎಷ್ಟು?

ನಾವಂದುಕೊಂಡಷ್ಟಿಲ್ಲ. ಮನೆ-ಜಮೀನಿನ ಕರಾರಿನಲ್ಲಿ ಸಮಯವೇ ಮುಖ್ಯ ಷರತ್ತು ಅಂತ ಕಾನೂನು ತಾನಾಗಿ ಊಹಿಸುವುದಿಲ್ಲ. ಚಾಂದ್ ರಾಣಿ ವಿರುದ್ಧ ಕಮಲ್ ರಾಣಿ ಪ್ರಕರಣದಲ್ಲಿ (1993) ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಸ್ಪಷ್ಟವಾಗಿ ಹೇಳಿತು. ಕರಾರಿನ ಮಾತು, ಆಸ್ತಿಯ ಸ್ವರೂಪ, ಸಂದರ್ಭ ನೋಡಿ ಸಮಯ ಮುಖ್ಯವೋ ಅಲ್ಲವೋ ತೀರ್ಮಾನಿಸಬೇಕು ಎಂದಿತು. 2011ರ ಶಾರದಾಮಣಿ ಕಂದಪ್ಪನ್ ತೀರ್ಪಿನಲ್ಲಿ, ಆಸ್ತಿ ಬೆಲೆ ಇಷ್ಟು ವೇಗವಾಗಿ ಏರುವ ಕಾಲದಲ್ಲಿ ಈ ಹಳೆಯ ಊಹೆಯನ್ನು ಮರುಪರಿಶೀಲಿಸಬೇಕು ಎಂಬ ಮಾತು ಅದೇ ನ್ಯಾಯಾಲಯದಿಂದ ಬಂತು. ಆದರೂ "ಮೂರು ತಿಂಗಳೊಳಗೆ ನೋಂದಣಿ" ಅಂತಷ್ಟೇ ಬರೆದರೆ ಸಾಲದು. ನಮ್ಮ ಕರಾರಿನಲ್ಲಿ ಇದ್ದದ್ದು ಅಷ್ಟೇ.

ಈಗ ಬರೆಸುವುದಾದರೆ ನಾನು ಇವಿಷ್ಟನ್ನು ಹಾಕಿಸುತ್ತೇನೆ:

- ಈ ಕರಾರಿನಲ್ಲಿ ಸಮಯವೇ ಮುಖ್ಯ ಷರತ್ತು, ಕೊನೆಯ ದಿನಾಂಕ ಇಂಥದ್ದು. ಆ ದಿನಾಂಕವೇ ಯಾಕೆ ಬೇಕು (ಸಾಲದ ಅವಧಿ, ಮನೆ ಖಾಲಿ ಮಾಡುವ ದಿನ) ಎಂಬುದೂ ಒಂದು ಸಾಲಿನಲ್ಲಿ ಇರಲಿ.
- ಇ-ಖಾತಾ, ವಂಶವೃಕ್ಷ, ಸಾಲ ತೀರುವಳಿ, ಇವುಗಳಲ್ಲಿ ಯಾವುದನ್ನು ಯಾರು ಯಾವ ತಾರೀಖಿಗೆ ತರಬೇಕು.
- ಮುಂಗಡ ಒಂದೇ ಕಂತಿನಲ್ಲಿ ಬೇಡ. ಒಂದೊಂದು ಕಾಗದ ಬಂದಂತೆ ಒಂದೊಂದು ಕಂತು.
- ಮಾರುವವರಿಂದ ತಡವಾದರೆ ತಿಂಗಳಿಗೆ ಇಷ್ಟು ಅಂತ ಕ್ರಯದ ಹಣದಲ್ಲಿ ಕಡಿತ. ಆ ಮೊತ್ತ ನೀವು ಕಟ್ಟಬೇಕಾಗುವ ಬಾಡಿಗೆಯ ಆಸುಪಾಸಿನಲ್ಲಿರಲಿ. ವಿಪರೀತ ದಂಡವನ್ನು ಕೋರ್ಟು ಹಾಗೆಯೇ ಒಪ್ಪುವುದಿಲ್ಲ, ನ್ಯಾಯವಾದಷ್ಟನ್ನೇ ಕೊಡಿಸುತ್ತದೆ.
- ಆ ನಡುವೆ ಸರ್ಕಾರ ಶುಲ್ಕ ಏರಿಸಿದರೆ ಹೆಚ್ಚುವರಿ ಹಣ ಯಾರದು. 2023ರ ಅಕ್ಟೋಬರ್ 1ಕ್ಕೆ ಮಾರ್ಗಸೂಚಿ ದರ ಪರಿಷ್ಕರಣೆಯಾದಾಗಲೂ ಇದೇ ಪ್ರಶ್ನೆ ಬಂದಿತ್ತು, 2025ರಲ್ಲೂ ಬಂತು.

ಕರಾರನ್ನು ಬಾಂಡ್ ಪೇಪರಿನಲ್ಲಿ ಬರೆದು ಬೀರುವಿನಲ್ಲಿ ಇಡಬೇಡಿ. ಸರಿಯಾದ ಮುದ್ರಾಂಕ ಶುಲ್ಕ ಕಟ್ಟಿ ನೋಂದಣಿ ಮಾಡಿಸಿ. ನೋಂದಣಿಯಾದ ಕರಾರು ಇಸಿಯಲ್ಲಿ ಕಾಣುತ್ತದೆ. ಹೆಚ್ಚು ಬೆಲೆ ಹಿಡಿದು ಬರುವ ಮತ್ತೊಬ್ಬ ಖರೀದಿದಾರನಿಗೆ ಅದು ಎಚ್ಚರಿಕೆ. ಗೊತ್ತಿದ್ದೂ ಕೊಂಡವನ ಮೇಲೂ ನಿಮ್ಮ ಹಕ್ಕು ಉಳಿಯುತ್ತದೆ. ಆದರೆ ಒಂದು ನೆನಪಿರಲಿ, ಕರಾರಿನಿಂದ ಮನೆ ನಿಮ್ಮದಾಗುವುದಿಲ್ಲ, ಕ್ರಯಪತ್ರ ನೋಂದಣಿಯಾದಾಗಲೇ ಆಗುವುದು. "ಜಿಪಿಎ ಮಾಡ್ಕೊಡ್ತೀನಿ, ಮನೆಗೆ ಬಂದ್ಬಿಡ್ರಿ" ಅಂದರೆ ಒಪ್ಪಬೇಡಿ. ಜಿಪಿಎ ಮೂಲಕ ಒಡೆತನ ವರ್ಗಾವಣೆಯಾಗದು ಎಂದು ಸುಪ್ರೀಂ ಕೋರ್ಟು 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ.

ಅಡ್ವಾನ್ಸ್ ಅನ್ನು ನಗದಾಗಿ ಕೊಡಬೇಡಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದಕ್ಕೆ 2015ರಿಂದ ನಿಷೇಧವಿದೆ. ಬೆಂಗಳೂರಿನ ಆರ್‌ಬಿಎಎನ್‌ಎಂಎಸ್ ಶಿಕ್ಷಣ ಸಂಸ್ಥೆಯ ಪ್ರಕರಣದಲ್ಲಿ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಯಿತು. 2 ಲಕ್ಷ ಅಥವಾ ಹೆಚ್ಚು ನಗದು ಕೊಟ್ಟಿದ್ದೇನೆ ಅಂತ ದಾವೆಯಲ್ಲಿ ಹೇಳಿಕೊಂಡರೆ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು ಎಂದು ನ್ಯಾಯಾಲಯಗಳಿಗೆ ಸೂಚಿಸಿತು. ನಗದು ಕೊಟ್ಟವನು ಕೋರ್ಟಿಗೆ ಹೋಗಲೂ ಹೆದರಬೇಕಾದ ಸ್ಥಿತಿ.

ಊರಿಗೊಂದು ತೊಡಕು

ಹೊಸಪೇಟೆ ವಿಜಯನಗರ ಜಿಲ್ಲೆ. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿವೆ. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯೊಳಗಿನ ಯಾವ ಉಪನೋಂದಣಿ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ಹೊಸಪೇಟೆಯಲ್ಲಿ ದಿನಾಂಕ ಸಿಗದಿದ್ದರೆ ಹಗರಿಬೊಮ್ಮನಹಳ್ಳಿಗೆ ಹೋಗಬಹುದು. ಹತ್ತಿರವಿದೆ ಅಂತ ಸಂಡೂರಿನಲ್ಲಿ ಆಗದು, ಜಿಲ್ಲೆ ಬೇರೆ.

ಹಂಪಿ, ಕಮಲಾಪುರ ಕಡೆ ಇನ್ನೊಂದು ತಪಾಸಣೆ ಬೇಕು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಜೊತೆಗೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ನಿಯಮಗಳಿವೆ. 2011ರ ಜುಲೈನಲ್ಲಿ ಹಂಪಿ ಬಜಾರಿನಿಂದ ಎಬ್ಬಿಸಲ್ಪಟ್ಟ ಕುಟುಂಬಗಳನ್ನು ನೆನೆಸಿಕೊಂಡರೆ, ವರ್ಷಗಟ್ಟಲೆ ವಾಸವಿದ್ದ ಮಾತ್ರಕ್ಕೆ ಕಾಗದ ಗಟ್ಟಿ ಎನ್ನಲಾಗದು ಅಂತ ಗೊತ್ತಾಗುತ್ತದೆ.

ಸಂಡೂರು, ಕಂಪ್ಲಿ ಸುತ್ತ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನಲ್ಲಿ ಎದ್ದ ಬಡಾವಣೆಯಾದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸಬಹುದು. ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಅಸಿಂಧು. ಇದನ್ನು ಖರೀದಿದಾರನಿಗೆ ತೊಂದರೆ ಅಂತ ಬೈಯುವವರಿದ್ದಾರೆ. ಕಡಿಮೆ ಬೆಲೆಗೆ ಭೂಮಿ ಕಳೆದುಕೊಂಡವರ ಕಡೆಯಿಂದ ನೋಡಿದರೆ ಅದೊಂದೇ ಅವರಿಗಿರುವ ಬೇಲಿ.

ತಡವಾಗಿಯೇ ಬಿಟ್ಟಿತು, ಈಗ?

ಮೊದಲು ಬರಹದಲ್ಲಿ ಕೇಳಿ. ವಾಟ್ಸಾಪ್ ಆದರೂ ಸರಿ: ಏನು ಬಾಕಿ, ಯಾವ ದಿನಕ್ಕೆ ಆಗುತ್ತದೆ. ನಂತರ ವಕೀಲರ ನೋಟಿಸ್. ಅದರಲ್ಲಿ ನ್ಯಾಯವಾದ ಹೊಸ ಗಡುವು ಕೊಟ್ಟು, ಹಣ ಸಿದ್ಧವಿದೆ ಎಂದು ಹೇಳಿ. ಈ ಕೊನೆಯ ಮಾತು ಬಹಳ ಮುಖ್ಯ. ಕರಾರಿನಂತೆ ಮಾರಾಟ ಮಾಡಿಸಿಕೊಡಿ ಎಂದು ದಾವೆ ಹೂಡಿದರೆ, ನೀವು ಮೊದಲಿನಿಂದಲೂ ಸಿದ್ಧರಿದ್ದಿರಿ, ಮನಸ್ಸೂ ಇತ್ತು ಎಂದು ರುಜುವಾತು ಮಾಡಬೇಕು. ಸಾಲ ಮಂಜೂರಾತಿ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್ ಜೋಪಾನವಾಗಿಡಿ.

ದಾವೆಗೆ ಕಾಲಮಿತಿ ಮೂರು ವರ್ಷ. ಕರಾರಿನಲ್ಲಿ ದಿನಾಂಕವಿದ್ದರೆ ಅಲ್ಲಿಂದ ಎಣಿಕೆ, ಇಲ್ಲದಿದ್ದರೆ ಅವರು ಒಲ್ಲೆ ಎಂದದ್ದು ನಿಮಗೆ ಗೊತ್ತಾದಲ್ಲಿಂದ. ಹಬ್ಬದ ಮೇಲೆ ಹಬ್ಬ ಎಣಿಸುತ್ತಾ ಕೂತರೆ ಮೂರು ವರ್ಷ ದೊಡ್ಡದೇನಲ್ಲ. 2018ರ ತಿದ್ದುಪಡಿಯ ನಂತರ ನಿರ್ದಿಷ್ಟ ಪರಿಹಾರ ಕಾಯ್ದೆ ಕೊಳ್ಳುವವರ ಪರ ಸ್ವಲ್ಪ ಗಟ್ಟಿಯಾಗಿದೆ. ಆದರೂ ದಾವೆ ಗೆದ್ದು ಮನೆ ಸೇರುವುದು ಅಕ್ಟೋಬರ್ ಗಡುವಿಗೆ ಉತ್ತರವಲ್ಲ. ಹಣ ವಾಪಸ್ ಪಡೆದು ಬೇರೆ ಮನೆ ನೋಡುವುದೂ ಒಂದು ದಾರಿ. ನಿಮ್ಮ ತಪ್ಪಿಲ್ಲದಿದ್ದರೆ ಕೊಟ್ಟ ಮುಂಗಡಕ್ಕೆ ಆ ಆಸ್ತಿಯ ಮೇಲೆಯೇ ನಿಮಗೆ ಹಕ್ಕಿರುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ.

ತಡ ಕಚೇರಿಯದಾಗಿದ್ದರೆ ಮಾರುವವರ ಮೇಲೆ ಕೂಗಾಡಿ ಉಪಯೋಗವಿಲ್ಲ. 2025ರ ಆರಂಭದಲ್ಲಿ ಕಾವೇರಿ ತಂತ್ರಾಂಶವೇ ಸೈಬರ್ ದಾಳಿಗೆ ಸಿಕ್ಕಿ ರಾಜ್ಯದೆಲ್ಲೆಡೆ ನೋಂದಣಿ ಕುಂಟಿತ್ತು. ಖಾತೆ ಕೆಲಸಕ್ಕೆ ಅರ್ಜಿ ಹಾಕಿದಾಗ ಸಕಾಲ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. ಅವಧಿ ಮೀರಿದರೆ ಮೇಲ್ಮನವಿ ಹಾಕಬಹುದು.

ಸಂಡೂರಿನ ಅಕ್ಕ

ಶುಲ್ಕ ಏರಿದ ಮೇಲೆ ಸಿಟ್ಟಿನಿಂದಲೇ ಯಜಮಾನರ ಮನೆಗೆ ಹೋದೆ. ಆಗ ಹೊರಬಂತು: ಮನೆ ಕಟ್ಟಿದ್ದು ಅವರ ತಂದೆ, ಉಯಿಲು ಬರೆಯದೆ ತೀರಿಕೊಂಡಿದ್ದರು. ಒಬ್ಬ ತಂಗಿ ಕಂಪ್ಲಿಯಲ್ಲಿ, ಅಕ್ಕ ಸಂಡೂರಿನಲ್ಲಿ. ಹಕ್ಕು ಬಿಡುಗಡೆ ಪತ್ರಕ್ಕೆ ತಂಗಿ ಒಪ್ಪಿದ್ದರು, ಅಕ್ಕ ಒಪ್ಪಿರಲಿಲ್ಲ. ಅದನ್ನು ಹೇಳಲು ಮರ್ಯಾದೆ ಅಡ್ಡ ಬಂದು ಆಷಾಢ, ಶ್ರಾವಣ ಅನ್ನುತ್ತಿದ್ದರು.

ನನ್ನ ಮೊದಲ ಯೋಚನೆ ಏನಿತ್ತು ಅಂತ ಮುಚ್ಚಿಡುವುದಿಲ್ಲ. "ಹೆಂಗಾದ್ರೂ ಮಾಡಿ ಸಹಿ ಹಾಕಿಸ್ರಿ" ಅಂದೆ. ಹೆಣ್ಣುಮಕ್ಕಳ ಸಮಾನ ಹಕ್ಕಿನ ಬಗ್ಗೆ ಪೋಸ್ಟ್ ಹಾಕುವ ನಾನೇ ಅಂದದ್ದು.

ಕಾನೂನು ಇಲ್ಲಿ ನೇರವಾಗಿದೆ. ಹಿಂದೂ ತಂದೆ ಸ್ವಂತ ಗಳಿಕೆಯ ಆಸ್ತಿ ಬಿಟ್ಟು ಉಯಿಲಿಲ್ಲದೆ ತೀರಿಕೊಂಡರೆ 1956ರ ಕಾಯ್ದೆಯಿಂದಲೇ ಮಗ, ಮಗಳಿಗೆ ಸಮಪಾಲು. ಪಿತ್ರಾರ್ಜಿತವಾದರೆ 2005ರ ತಿದ್ದುಪಡಿ, ಅದರ ಮೇಲೆ 2020ರ ವಿನೀತಾ ಶರ್ಮಾ ತೀರ್ಪು: ಮಗಳ ಹಕ್ಕು ಹುಟ್ಟಿನಿಂದಲೇ. ಮುಸ್ಲಿಂ ಕುಟುಂಬಗಳಲ್ಲಿ ಪಾಲಿನ ಲೆಕ್ಕ ಬೇರೆ, ಆದರೆ ಮಗಳಿಗೆ ಪಾಲು ಉಂಟು. ಒತ್ತಾಯದಿಂದ ಪಡೆದ ಸಹಿ ನಾಳೆ ದಾವೆಯಾಗಿ ಖರೀದಿದಾರನ ಬಾಗಿಲಿಗೇ ಬರುತ್ತದೆ.

ಬಿಡುಗಡೆ ಪತ್ರದ ಬದಲು ಅಕ್ಕ-ತಂಗಿ ಇಬ್ಬರೂ ಮಾರಾಟಗಾರರಾಗಿ ಕ್ರಯಪತ್ರಕ್ಕೆ ಸಹಿ ಹಾಕಲಿ, ಅವರವರ ಪಾಲು ಅವರವರ ಖಾತೆಗೆ ನೇರ ಹೋಗಲಿ ಅಂತ ವಕೀಲರು ಸೂಚಿಸಿದರು. ಬರಲಾಗದಿದ್ದರೆ ಈ ಒಂದು ಮಾರಾಟಕ್ಕಷ್ಟೇ ಸೀಮಿತವಾದ ಅಧಿಕಾರಪತ್ರವನ್ನು ತಮ್ಮ ಊರಿನ ಉಪನೋಂದಣಾಧಿಕಾರಿ ಮುಂದೆ ಮಾಡಿಕೊಡಬಹುದು. ಹಾಸಿಗೆ ಹಿಡಿದವರಾದರೆ ಅಧಿಕಾರಿ ಮನೆಗೇ ಬರಲು ಕಾನೂನಿನಲ್ಲಿ ಅವಕಾಶವಿದೆ. ಐದು ತಿಂಗಳು ಅಲುಗಾಡದ ಕೆಲಸ ಎರಡು ವಾರದಲ್ಲಿ ಮುಗಿಯಿತು. ಹೆಚ್ಚುವರಿ 40,000ವನ್ನು ಅರ್ಧರ್ಧ ಹಂಚಿಕೊಂಡೆವು.

ನೋಂದಣಿಗೆ ಸಿಕ್ಕ ದಿನ ಪಿತೃಪಕ್ಷದಲ್ಲಿ ಬಿತ್ತು. ಯಜಮಾನರು ಮತ್ತೆ ಹಿಂದೆಮುಂದೆ ನೋಡಿದರು. ಸಂಡೂರಿನ ಅಕ್ಕ ಬಸ್ಸಿಳಿದು ಬಂದವರು, "ಅಪ್ಪನ ಮನಿ ಕಾಗದದಾಗ ನನ್ನ ಹೆಸರು ಬರೋ ದಿನ ಕೆಟ್ಟದ್ದು ಹೆಂಗಾಗ್ತೈತೋ?" ಅಂತ ತಮ್ಮನನ್ನು ಕೇಳಿ, ಬೆರಳಚ್ಚಿನ ಯಂತ್ರದ ಮುಂದೆ ಮೊದಲು ಹೋಗಿ ಕೂತರು.

ನೀವು ಮನೆ ನೋಡಲು ಹೋದ ಮೊದಲ ದಿನವೇ ಕೇಳಬೇಕಾದ ಪ್ರಶ್ನೆ ಇದು: ನಿಮ್ಮ ಅಕ್ಕ-ತಂಗಿಯರನ್ನ ಕೇಳಿದ್ದೀರಾ? ನಾನು ಅದನ್ನು ಮಾರ್ಚ್‌ನಲ್ಲೇ ಕೇಳಿದ್ದರೆ ಜೂನ್ 30ಕ್ಕೆ ಮನೆಯಲ್ಲಿರುತ್ತಿದ್ದೆವು.