ಮೇಲೆ ಟೊಯೊಟಾ, ಒಳಗೆ ಸುಜುಕಿ, ನಡುವೆ ಹರಿಹರದ ಕಿರ್ಲೋಸ್ಕರ್

ಕುಮಾರಪಟ್ಟಣದ ದೊಡ್ಡ ಫ್ಯಾಕ್ಟರಿ ಯಾವುದು ಅಂತ ಕೇಳಿ, ಹರಿಹರ ಪಾಲಿಫೈಬರ್ಸ್ ಅಂತಾರೆ. ಹೆಸರು ತುಂಗಭದ್ರೆಯ ಆಚೆ ದಂಡೆಯ ಊರಿಂದು, ಫ್ಯಾಕ್ಟರಿ ಇರೋದು ಈಚೆ ದಂಡೆಯಲ್ಲಿ, ರಾಣೆಬೆನ್ನೂರು ತಾಲ್ಲೂಕಲ್ಲಿ. ಹೆಸರು ಒಂದು ಕಡೆ, ಮಾಲು ಇನ್ನೊಂದು ಕಡೆ. ಇವತ್ತಿನ ಕಥೆ ಅಂಥದ್ದೇ ಒಂದು ಕಾರಿಂದು: ಟೊಯೊಟಾ ಗ್ಲಾನ್ಜಾ.

2019ರ ಜೂನ್ 6ಕ್ಕೆ ಈ ಕಾರು ಮಾರುಕಟ್ಟೆಗೆ ಬಂತು. ನೋಡಿದವರೆಲ್ಲ, "ಅರೆ, ಇದು ಬಲೆನೊ ಅಲ್ವಾ?" ಅಂದ್ರು. ಹೌದು, ಬಲೆನೊನೇ. ಗುಜರಾತಿನ ಹಂಸಲ್‌ಪುರದ ಸುಜುಕಿ ಕಾರ್ಖಾನೆಯಲ್ಲಿ ತಯಾರಾಗಿ, ಮುಂದಿನ ಗ್ರಿಲ್ ಮತ್ತು ಲೋಗೊ ಬದಲಾಗಿ ಟೊಯೊಟಾ ಶೋರೂಮಿಗೆ ಬಂದಿದ್ದು. 2018ರ ಮಾರ್ಚ್‌ನಲ್ಲಿ ಎರಡೂ ಕಂಪನಿಗಳು ಭಾರತದಲ್ಲಿ ಒಬ್ಬರಿಗೊಬ್ಬರು ಕಾರು ಕೊಟ್ಟುಕೊಳ್ಳೋ ಒಪ್ಪಂದ ಮಾಡಿಕೊಂಡಿದ್ದವು.

ಟೊಯೊಟಾಗೆ ಸಣ್ಣ ಕಾರು ಮಾಡೋಕೆ ಬರಲ್ವಾ? ಮಾಡಿ ನೋಡಿತ್ತು. ಭಾರತಕ್ಕಂತಲೇ ವಿನ್ಯಾಸ ಮಾಡಿದ ಎಟಿಯೋಸ್ 2010ರ ಡಿಸೆಂಬರ್‌ನಲ್ಲಿ ಬಂತು, ಮರುವರ್ಷ ಲಿವಾ. ಎರಡೂ ಬಿಡದಿಯಲ್ಲೇ ತಯಾರಾದವು. ಗಟ್ಟಿ ಗಾಡಿಗಳು. ಆದ್ರೆ ಎಟಿಯೋಸ್ ಅಂದ್ರೆ ಟ್ಯಾಕ್ಸಿ ಅನ್ನೋ ಹಣೆಪಟ್ಟಿ ಬಿತ್ತು. 2020ರಲ್ಲಿ ಬಿಎಸ್-6 ನಿಯಮ ಬಂದಾಗ ಎರಡನ್ನೂ ನಿಲ್ಲಿಸಿದರು. ಹೊಸ ಸಣ್ಣ ಕಾರಿಗೆ ಕೋಟಿಗಟ್ಟಲೆ ಸುರಿಯೋ ಬದಲು ಸುಜುಕಿಯ ಕಾರು ತಗೊಂಡು ಮಾರೋದು ಅಗ್ಗ. ಬಿ.ಕಾಂ. ಓದಿದ ನನಗೆ ಇದರಲ್ಲಿ ಮೋಸ ಕಾಣಲ್ಲ.

ಆದ್ರೆ ಹೆಸರು ಬದಲಿಸಿದ ಮಾತ್ರಕ್ಕೆ ಕಾರು ಓಡುತ್ತೆ ಅಂತಲ್ಲ. 2012ರಲ್ಲಿ ನಿಸಾನ್ ಮೈಕ್ರಾನೇ ರೆನೋ ಪಲ್ಸ್ ಆಗಿ ಬಂದಿತ್ತು. ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ? ನನ್ನ ಪ್ರಕಾರ ಕಾರಣ ಸರಳ: ರೆನೋ ಹೆಸರಿಗೆ ಆಗ ನಮ್ಮ ಕಡೆ ಅಷ್ಟು ಗುರುತಿರಲಿಲ್ಲ. ಟೊಯೊಟಾದ ಹಿಂದೆ ಕ್ವಾಲಿಸ್ ಇತ್ತು, ಇನ್ನೋವಾ ಇತ್ತು.

ನಮ್ಮ ಭಾಗದಲ್ಲಂತೂ ಇನ್ನೊಂದು ಹೆಸರೂ ಇತ್ತು. ರಿಟೈರ್ ಆದ ನಮ್ಮ ಕಾಕಾ ಕೂಡಿಟ್ಟ ದುಡ್ಡಲ್ಲಿ ಮೊದಲ ಕಾರು ತಗೋಬೇಕು ಅಂತ ಹೊರಟಾಗ ಕೇಳಿದ್ದು ಮೈಲೇಜ್ ಅಲ್ಲ. "ತಮ್ಮಾ, ಇದು ನಮ್ಮ ಹರಿಹರದ ಕಿರ್ಲೋಸ್ಕರ್‌ದವರ ಗಾಡಿನ ಹೌದಲ್ಲೋ?" ಅಂದ್ರು.

ಈ ಪ್ರಶ್ನೆಗೆ ಉತ್ತರ ಬೇಕಂದ್ರೆ ತುಸು ಹಿಂದೆ ಹೋಗಬೇಕು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಕಬ್ಬಿಣದ ನೇಗಿಲಿಗೆ ಇಳಿದವರು. 1941ರಲ್ಲಿ ಅವರ ಮನೆತನದ ಮೈಸೂರು ಕಿರ್ಲೋಸ್ಕರ್ ಹರಿಹರದಲ್ಲಿ ಶುರುವಾಯ್ತು. ಆಗ ಹೊಳೆ ಬರೀ ಹೊಳೆಯಲ್ಲ, ಗಡಿ. ಆಚೆ ಮೈಸೂರು ಸಂಸ್ಥಾನ, ಈಚೆ ಮುಂಬೈ ಪ್ರಾಂತ್ಯ. ಹರಿಹರದ ಲೇಥ್ ಮಷೀನುಗಳು ದೇಶದ ವರ್ಕ್‌ಶಾಪ್‌ಗಳಿಗೆಲ್ಲ ಹೋದವು. ಆ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಅದೇ ಮನೆತನದ ನಾಲ್ಕನೇ ತಲೆಮಾರಿನ ವಿಕ್ರಮ್ ಕಿರ್ಲೋಸ್ಕರ್ 1997ರಲ್ಲಿ ಟೊಯೊಟಾ ಜೊತೆ ಕೈಜೋಡಿಸಿದ್ದರು. ಟೊಯೊಟಾ ಕಿರ್ಲೋಸ್ಕರ್ ಮೋಟಾರ್‌ನಲ್ಲಿ ಜಪಾನಿನವರ ಪಾಲು 89 ಪರ್ಸೆಂಟ್, ಕಿರ್ಲೋಸ್ಕರ್ ಪಾಲು 11.

ಹಾಗಾಗಿ ಕಾಕಾಗೆ ನಾನು ಹೇಳಿದ್ದು: ಮಾರೋ ಕಂಪನಿಯಲ್ಲಿ ಆ ಮನೆತನ ಇದೆ, ಕಾರಿನಲ್ಲಿ ಹರಿಹರವೂ ಇಲ್ಲ, ಬಿಡದಿಯೂ ಇಲ್ಲ. ದುಡ್ಡು ಹೋಗೋದು ಎಂಜಿನ್‌ಗಲ್ಲ, ಅದು ಎರಡರಲ್ಲೂ ಒಂದೇ. ವ್ಯತ್ಯಾಸ ಇರೋದು ಕಾಗದದಲ್ಲಿ. 2019ರಲ್ಲಿ ಗ್ಲಾನ್ಜಾಗೆ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್ ವಾರಂಟಿ, ಬಲೆನೊಗೆ 2 ವರ್ಷ ಅಥವಾ 40 ಸಾವಿರ. ಆಗ ಹೆಸರಿಗೆ ನಿಜವಾಗ್ಲೂ ಬೆಲೆ ಇತ್ತು. 2024ರ ಜುಲೈನಲ್ಲಿ ಮಾರುತಿಯೂ 3 ವರ್ಷ, 1 ಲಕ್ಷ ಕಿಲೋಮೀಟರ್ ಮಾಡಿತು. ಈಗ ಉಳಿದಿದ್ದು ಡಿಸ್ಕೌಂಟ್, ಇನ್ಶೂರೆನ್ಸ್, ಮನೆಗೆ ಹತ್ತಿರದ ಸರ್ವಿಸ್ ಸೆಂಟರ್. ಗ್ಲಾನ್ಜಾ ವಾರಂಟಿ ಕೆಲಸಕ್ಕೆ ಮಾರುತಿ ವರ್ಕ್‌ಶಾಪಿಗೆ ಹೋದ್ರೆ ನಡೆಯಲ್ಲ, ಇದನ್ನ ಮಾತ್ರ ಮರೀಬೇಡಿ. ಎರಡೂ ಶೋರೂಮಿಂದ ಆನ್-ರೋಡ್ ಕೊಟೇಷನ್ ಬರೆಸ್ಕೊಳ್ಳಿ, ಆಕ್ಸೆಸರೀಸ್ ದುಡ್ಡು ಬೇರೆ ತೋರಿಸೋಕೆ ಹೇಳಿ.

ಅಂದಹಾಗೆ, ಈ ವ್ಯಾಪಾರ ಉಲ್ಟಾನೂ ನಡೀತಿದೆ. 2023ರ ಜುಲೈನಲ್ಲಿ ಬಂದ ಮಾರುತಿ ಇನ್ವಿಕ್ಟೊ ಅಂದ್ರೆ ಟೊಯೊಟಾ ಇನ್ನೋವಾ ಹೈಕ್ರಾಸ್. ಅದು ತಯಾರಾಗೋದು ಬಿಡದಿಯಲ್ಲಿ, ಕಿರ್ಲೋಸ್ಕರ್ ಹೆಸರಿರೋ ಗೇಟಿನ ಒಳಗೆ.